ಹಳೆಯ ರೋಡ್ಸ್ ಎಲೆಕ್ಟ್ರಿಕ್ ಪಿಯಾನೋ: ಟ್ಯೂನರ್ ಹಸಿರು ತೋರಿಸುತ್ತದೆ, ಕಿವಿ ಒಪ್ಪುತ್ತಿಲ್ಲ

ಡೊಂಬಿವಲಿ ಕೀಲಿಮಣೆ · ಶನಿವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಮುಂಬಯಿಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಗಣಪತಿ ಪೆಂಡಾಲ್, ಮದುವೆ, ಊರಿನವರ ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದರು. ಅವರ ರೋಡ್ಸ್ ಪಿಯಾನೋ ಈಗ ನನ್ನ ಪಾಲಿಗೆ ಬಂದಿದೆ. ಸ್ಟೇಜ್ ಮಾಡೆಲ್, 73 ಕೀಲಿ. ಇಪ್ಪತ್ತು ವರ್ಷ ಮಂಚದ ಹಿಂದೆ ಗೋಡೆಗೆ ಒರಗಿಕೊಂಡಿತ್ತು, ಮೇಲೊಂದು ಹಳೆಯ ಬೆಡ್‌ಶೀಟ್. ಮೂರು ಜನ ಸೇರಿ ಎತ್ತಿ ಹಾಲ್‌ಗೆ ತಂದೆವು.

ಹೆಚ್ಚಿನ ಕೀಲಿಗಳು ನುಡಿದವು. ಆದರೆ ಶ್ರುತಿ ಅಲ್ಲಲ್ಲಿ ತಪ್ಪಿತ್ತು. ಮುಚ್ಚಳ ತೆಗೆದು ನೋಡಿದೆ. ಒಳಗೆ ತಂತಿ ಇಲ್ಲ. ಪ್ರತಿ ಸ್ವರಕ್ಕೂ ಒಂದು ಉಕ್ಕಿನ ಕಡ್ಡಿ, ಅದರ ಮೇಲೆ ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಪುಟ್ಟದೊಂದು ಸ್ಪ್ರಿಂಗ್. ಅದನ್ನು ಸರಿಸಿದರೆ ಸ್ವರ ಬದಲಾಗುತ್ತದೆ ಅಂತ ಓದಿದ್ದೆ. ಮೂರು ಸಂಜೆ ಕೂತು, ಆಂಪ್ಲಿಫೈಯರ್ ಮುಂದೆ ಫೋನ್ ಇಟ್ಟು, ಟ್ಯೂನರ್ ಆ್ಯಪ್ ನೋಡುತ್ತಾ ಎಲ್ಲವನ್ನೂ ಹಸಿರಿಗೆ ತಂದೆ.

ಈಗ ಸಮಸ್ಯೆ ಇದು. ನಡುವಿನ ನಾಲ್ಕೈದು ಸ್ವರ, ಮುಖ್ಯವಾಗಿ ಎಫ್4 ಮತ್ತು ಎ4 (ನಾಲ್ಕನೆಯ ಸಪ್ತಕದ ಎಫ್ ಮತ್ತು ಎ), ಆ್ಯಪ್ ಪ್ರಕಾರ ಸರಿ ಇವೆ. ಆದರೆ ಕಾರ್ಡ್ ಹಿಡಿದರೆ, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ, ಉಳಿದವುಗಳ ಜೊತೆ ಸೇರುವುದಿಲ್ಲ. ಟೊಳ್ಳು ಟೊಳ್ಳಾಗಿ ಕೇಳಿಸುತ್ತವೆ, ಬೇರೆ ವಾದ್ಯದ ಸ್ವರ ತಂದು ಸಿಕ್ಕಿಸಿದ ಹಾಗೆ. ಎಷ್ಟು ಸಲ ಸ್ಪ್ರಿಂಗ್ ಸರಿಸಿದರೂ ಅಷ್ಟೇ. ಎಲ್ಲಿ ತಪ್ಪುತ್ತಿದ್ದೇನೆ?

ಥಾಣೆ ಬೇಸ್ ಗಿಟಾರ್ · ಶನಿವಾರ ರಾತ್ರಿ 10:48

ಸ್ಟ್ರೆಚ್ ಟ್ಯೂನಿಂಗ್ ಮಾಡಿದ್ದೀರಾ? ಪಿಯಾನೋದಲ್ಲಿ ಮೇಲಿನ ಸ್ವರಗಳನ್ನು ಒಂಚೂರು ಏರಿಸಿ, ಕೆಳಗಿನವನ್ನು ಒಂಚೂರು ಇಳಿಸಿ ಇಡುತ್ತಾರೆ. ಸಾಮಾನ್ಯ ಆ್ಯಪ್ ಆ ಲೆಕ್ಕ ಹಿಡಿಯುವುದಿಲ್ಲ. ಅದೇ ಇರಬಹುದು.

ಪುಣೆ ಪೇಟಿ ಮಾಸ್ತರ · ಭಾನುವಾರ ಬೆಳಿಗ್ಗೆ 6:15

ಸ್ಟ್ರೆಚ್ ಅನ್ನುವುದು ಎರಡು ತುದಿಗಳ ಮಾತು. ಎಫ್4, ಎ4 ನಡುವಿನ ಮನೆಗಳು. ಅಲ್ಲಿ ಆ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. (ನಾವು ಪೇಟಿಯವರು, ಅಂದರೆ ಹಾರ್ಮೋನಿಯಂನವರು, ಕೀಲಿಗೆ ಮನೆ ಅಂತೀವಿ.)

ತಮ್ಮಾ, ಇನ್ನೊಂದು ಸಲ ಎಫ್4 ನುಡಿಸಿ ಆ್ಯಪ್ ನೋಡು. ಹಸಿರು ಬಣ್ಣ ಬಿಡು. ಅಕ್ಷರದ ಪಕ್ಕದ ಅಂಕಿ ನೋಡು. 4 ಇದೆಯಾ, 5 ಇದೆಯಾ?

ಡೊಂಬಿವಲಿ ಕೀಲಿಮಣೆ · ಭಾನುವಾರ ಬೆಳಿಗ್ಗೆ 9:05

ಮಾಸ್ತರೇ, 5 ಇದೆ! ಒತ್ತಿದ್ದು ಎಫ್4, ಆ್ಯಪ್‌ನಲ್ಲಿ ಎಫ್5. ಎ4 ಒತ್ತಿದರೆ ಎ5. ಎಫ್‌ಗೆ 349 ಹರ್ಟ್ಸ್ ಬರಬೇಕಾದ ಕಡೆ 698 ಬರುತ್ತಿದೆ. ಮೂರು ದಿನ ಅಕ್ಷರ ಮತ್ತು ಬಣ್ಣ ಮಾತ್ರ ನೋಡಿದ್ದೆ, ಅಂಕಿಯ ಕಡೆ ಗಮನವೇ ಹೋಗಲಿಲ್ಲ. ಪಕ್ಕದ ಜಿ4 ಮಾತ್ರ ಸರಿಯಾಗಿ 4 ತೋರಿಸುತ್ತದೆ. ಹಾಗಾದರೆ ನಾನು ಒಂದು ಸಪ್ತಕ ಮೇಲಕ್ಕೆ ಶ್ರುತಿ ಮಾಡಿಬಿಟ್ಟೆನಾ?

ಪುಣೆ ಪೇಟಿ ಮಾಸ್ತರ · ಭಾನುವಾರ ಬೆಳಿಗ್ಗೆ 9:50

ಹಾಗೆ ಆಗಲು ಸಾಧ್ಯವೇ ಇಲ್ಲ. ಸ್ಪ್ರಿಂಗ್ ಸರಿಸಿ ಒಂದು ಸಪ್ತಕ ಏರಿಸಲು ಬರುವುದಿಲ್ಲ. ನಿನ್ನ ಶ್ರುತಿ ಸರಿಯಾಗಿಯೇ ಇದೆ. ಕಡ್ಡಿ ನಿಂತಿರುವ ಜಾಗ ತಪ್ಪಿದೆ.

ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ. ಮನೆ ಒತ್ತಿದಾಗ ಸುತ್ತಿಗೆ ಕೆಳಗಿನಿಂದ ಬಂದು ಕಡ್ಡಿಗೆ ಹೊಡೆಯುತ್ತದೆ. ಆ ಕಡ್ಡಿಗೆ ಟೈನ್ ಅಂತ ಹೆಸರು. ಅದರ ಮೇಲಿರುವ ದಪ್ಪ ಪಟ್ಟಿ ಟೋನ್ ಬಾರ್. ಎರಡೂ ಸೇರಿದರೆ ಶಾಲೆಯಲ್ಲಿ ನೋಡಿದ ಶ್ರುತಿಕವೆಯೇ. ಒಂದು ಕಾಲು ಸಪೂರ, ಇನ್ನೊಂದು ದಪ್ಪ, ಅಷ್ಟೇ ವ್ಯತ್ಯಾಸ. ಟೈನ್ ತುದಿಯ ಎದುರಿಗೆ ಪಿಕಪ್ ಇದೆ, ಅಂದರೆ ಅಯಸ್ಕಾಂತ ಮತ್ತು ಅದರ ಸುತ್ತ ತಾಮ್ರದ ತಂತಿಯ ಸುರುಳಿ. ಉಕ್ಕಿನ ತುದಿ ಅಯಸ್ಕಾಂತದ ಮುಂದೆ ಅಲ್ಲಾಡಿದಾಗ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್‌ಗೆ ಹೋಗುವುದು ಅದೇ.

ಈಗ ಊರ ಮನೆಯ ತೂಗುಮಣೆ ನೆನಪು ಮಾಡಿಕೋ. ಅದರ ಪಕ್ಕದಲ್ಲಿ, ಸರಿಯಾಗಿ ನಡುವೆ ನಿಂತರೆ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಅದು ನಿನ್ನನ್ನು ದಾಟುತ್ತದೆ. ಒಂದು ತೂಗಿಗೆ ಎರಡು ಸಲ. ಅದೇ ಒಂದು ಕೊನೆಗೆ ಹೋಗಿ ನಿಂತರೆ ಒಂದು ತೂಗಿಗೆ ಒಂದೇ ಸಲ ಹತ್ತಿರ ಬರುತ್ತದೆ. ಪಿಕಪ್ ಕಥೆಯೂ ಇದೇ. ಟೈನ್ ತುದಿ ಪಿಕಪ್‌ನ ನಟ್ಟನಡುವೆ ನಿಂತಿದ್ದರೆ ಅದು ಒಂದು ಕಂಪನವನ್ನು ಎರಡು ಅಂತ ಎಣಿಸುತ್ತದೆ. ಮೂಲ ಸ್ವರ ಅಡಗಿಹೋಗಿ ಮೇಲಿನ ಸಪ್ತಕದ ದನಿಯೇ ಜೋರಾಗುತ್ತದೆ. ನೀನು ಕೇಳಿದ ಟೊಳ್ಳು ಅದು. ಕಿವಿ ಸರಿಯಾಗಿಯೇ ಹಿಡಿದಿದೆ.

ಟೋನ್ ಬಾರನ್ನು ಎರಡು ಸ್ಕ್ರೂ ಹಿಡಿದಿರುತ್ತವೆ. ಜೊತೆಗೆ ಸ್ಪ್ರಿಂಗ್, ರಬ್ಬರ್ ಬಿಲ್ಲೆ ಇರುತ್ತವೆ. ಅದರಲ್ಲೊಂದು ಸ್ಕ್ರೂ ತಿರುಗಿಸಿದರೆ ಟೈನ್ ತುದಿ ಪಿಕಪ್ ಮುಂದೆ ಏರುತ್ತದೆ, ಇಳಿಯುತ್ತದೆ. ಯಾವುದು ಅಂತ ಕಣ್ಣಿಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಜಾಸ್ತಿ ಬೇಡ. ಜಿ4 ಚೆನ್ನಾಗಿದೆ ಅಂದೆಯಲ್ಲ, ಅದರ ತುದಿ ಎಲ್ಲಿ ನಿಂತಿದೆ ನೋಡಿ ಎಫ್4 ಅನ್ನು ಅದಕ್ಕೆ ಹೊಂದಿಸು. ಮೆಲ್ಲಗೆ ಒತ್ತಿ ಕೇಳು, ಜೋರಾಗಿ ಒತ್ತಿ ಕೇಳು. ಮೆಲ್ಲಗೆ ಒತ್ತಿದರೆ ದುಂಡಗೆ, ಜೋರಾಗಿ ಒತ್ತಿದರೆ ಗಂಟೆಯ ಅಂಚು ಬರಬೇಕು. ಈ ಕೆಲಸ ಪೂರ್ತಿ ಮುಗಿದ ಮೇಲೆಯೇ ಸ್ಪ್ರಿಂಗ್ ಮುಟ್ಟು. ಜಾಗ ತಪ್ಪಿದ ಟೈನ್‌ಗೆ ಶ್ರುತಿ ಮಾಡುತ್ತಾ ಕೂತರೆ ಮೂರು ಸಂಜೆ ಅಲ್ಲ, ಮೂರು ತಿಂಗಳೂ ಸಾಲುವುದಿಲ್ಲ.

ಇನ್ನೊಂದು. ಫೋನ್ ಮೈಕ್ ಬಿಟ್ಟುಬಿಡು. ಕೇಬಲ್ ಹಾಕುವಂಥ ಸಣ್ಣ ಗಿಟಾರ್ ಟ್ಯೂನರ್ ತೆಗೆದುಕೋ. ಫ್ಯಾನಿನ ಸದ್ದು, ಲೋಕಲ್ ರೈಲಿನ ಸದ್ದು ಯಾವುದೂ ಅದಕ್ಕೆ ಸೇರುವುದಿಲ್ಲ.

ಮಾಟುಂಗಾ ತಂಬೂರಿ · ಭಾನುವಾರ ಮಧ್ಯಾಹ್ನ 12:30

ಈ ವಾದ್ಯ ನಾನು ಹತ್ತಿರದಿಂದ ನೋಡಿಲ್ಲ, ಆದರೂ ಓದುತ್ತಾ ಕೂತುಬಿಟ್ಟೆ. ಆ ಸಣ್ಣ ಸ್ಪ್ರಿಂಗ್ ನಮ್ಮ ತಂಬೂರಿಯ ಮಣಿ ಇದ್ದ ಹಾಗೆ ಅಲ್ವಾ? ಯಾವ ಕಡೆ ಸರಿಸಿದರೆ ಶ್ರುತಿ ಏರುತ್ತದೆ?

ಪುಣೆ ಪೇಟಿ ಮಾಸ್ತರ · ಭಾನುವಾರ ಮಧ್ಯಾಹ್ನ 1:10

ಕೈಯ ಹದ ಮಣಿಯದ್ದೇ ಅಕ್ಕ. ಆದರೆ ಕಾರಣ ಬೇರೆ. ಮಣಿ ಸರಿಸಿದರೆ ತಂತಿಯ ಬಿಗಿ ಬದಲಾಗುತ್ತದೆ. ಇಲ್ಲಿ ಬಿಗಿಯ ಪ್ರಶ್ನೆಯೇ ಇಲ್ಲ, ಎಲ್ಲ ತೂಕದ ಆಟ. ಮೃದಂಗದ ಎಡಕ್ಕೆ ರವೆ ಮೆತ್ತುತ್ತಾರಲ್ಲ, ಮೆತ್ತಿದಷ್ಟೂ ದನಿ ತಗ್ಗುತ್ತದೆ. ಅದೇ ಲೆಕ್ಕ. ಸ್ಪ್ರಿಂಗ್ ಟೈನ್‌ನ ತುದಿಯ ಕಡೆ ಹೋದರೆ ಅಲ್ಲಾಡುವ ಕಡೆ ಭಾರ ಜಾಸ್ತಿ, ಸ್ವರ ಇಳಿಯುತ್ತದೆ. ಬುಡದ ಕಡೆ ಬಂದರೆ ಸ್ವರ ಏರುತ್ತದೆ.

ಕೆಳಗಿನ ಸಪ್ತಕದಲ್ಲಿ ಟೈನ್ ಉದ್ದ, ಸ್ಪ್ರಿಂಗ್ ಕಣ್ಣಿಗೆ ಕಾಣುವಷ್ಟು ಸರಿಸಬೇಕು. ಮೇಲಿನ ಸಪ್ತಕಕ್ಕೆ ಬಂದರೆ ಉಗುರಿನಿಂದ ಮುಟ್ಟಿದರೂ ಶ್ರುತಿ ಹಾರಿಹೋಗುತ್ತದೆ. ಅಲ್ಲಿ ನಾನು ಸ್ಕ್ರೂ ಡ್ರೈವರ್ ತುದಿಯನ್ನು ಸ್ಪ್ರಿಂಗ್‌ನ ಒಂದು ಸುತ್ತಿಗೆ ತಾಗಿಸಿ, ಬೆರಳಿನಿಂದ ಅದರ ಹಿಡಿಗೆ ಒಂದು ಸಣ್ಣ ತಟ್ಟು ತಟ್ಟುತ್ತೇನೆ. ಸ್ಪ್ರಿಂಗ್ ಸರಿದದ್ದು ಕಣ್ಣಿಗೆ ಕಾಣುವುದಿಲ್ಲ, ಟ್ಯೂನರಿಗೆ ಕಾಣುತ್ತದೆ. ಕಬ್ಬಿಣದ ಮೊನೆ ಟೈನ್ ಮೇಲೆ ಗೀರು ಹಾಕಬಾರದು. ಗೀರು ಬಿದ್ದ ಜಾಗದಿಂದಲೇ ಮುಂದೊಂದು ದಿನ ಬಿರುಕು ಶುರುವಾಗಬಹುದು.

ಮಾಟುಂಗಾ ತಂಬೂರಿ · ಭಾನುವಾರ ಮಧ್ಯಾಹ್ನ 1:25

ಒಂದೊಂದು ಸ್ವರಕ್ಕೂ ಬೇರೆ ಸ್ಪ್ರಿಂಗ್ ಇದೆ ಅಂದರೆ, ಗಾಂಧಾರವನ್ನು ನಮ್ಮ ತಂಬೂರಿಗೆ ಸೇರುವ ಹಾಗೆ ಇಟ್ಟುಕೊಳ್ಳಬಹುದಲ್ಲ?

ಪುಣೆ ಪೇಟಿ ಮಾಸ್ತರ · ಭಾನುವಾರ ಮಧ್ಯಾಹ್ನ 1:45

ಇಟ್ಟುಕೊಳ್ಳಬಹುದು, ನಾನು ಒಂದು ಬೇಸಿಗೆ ಪೂರ್ತಿ ಇಟ್ಟು ನೋಡಿದ್ದೇನೆ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರ ಪಿಯಾನೋ ಲೆಕ್ಕದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಕೆಳಗೆ (ಪಕ್ಕಪಕ್ಕದ ಎರಡು ಮನೆಗಳ ಅಂತರ ನೂರು ಸೆಂಟ್ಸ್). ಅಷ್ಟು ಇಳಿಸಿ ಷಡ್ಜದ ಜೊತೆ ಒತ್ತಿದರೆ ಅಲೆ ನಿಂತುಹೋಗುತ್ತದೆ, ಕೋಣೆ ತುಂಬುತ್ತದೆ. ಆದರೆ ಷಡ್ಜ ಒಂದೇ ಕಡೆ ಕಟ್ಟಿಹಾಕಿದ ಹಾಗೆ. ಬಿಳಿ ಒಂದಕ್ಕೆ (ಸಿ) ಕೂಡಿಸಿದ್ದನ್ನು ಕಪ್ಪು ಎರಡರಲ್ಲಿ (ಡಿ ಶಾರ್ಪ್) ಹಾಡುವವರಿಗೆ ಕೊಡಲು ಬರುವುದಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಬೇಡ ಅಂದಾಗಲೂ ಈ ಸ್ವರಸ್ಥಾನದ ತಕರಾರು ಒಂದು ಕಾರಣ. ಆರ್ಕೆಸ್ಟ್ರಾ ಜೊತೆ ನುಡಿಸುವ ವಾದ್ಯವಾದರೆ ಎ4ಗೆ 440 ಹರ್ಟ್ಸ್ ಅನ್ನುವ ಲೆಕ್ಕಕ್ಕೆ ಸಮನಾಗಿ ಇಡುವುದೇ ಒಳ್ಳೆಯದು.

ಲ್ಯಾಮಿಂಗ್ಟನ್ ಸಾಲ್ಡರ್ · ಭಾನುವಾರ ಸಂಜೆ 5:00

ನನ್ನ ಕೆಲಸ ಎಲೆಕ್ಟ್ರಾನಿಕ್ಸ್, ಹಾಗಾಗಿ ಒಂದು ಮಾತು. ಸ್ಟೇಜ್ ಮಾಡೆಲ್‌ಗೆ ಕರೆಂಟೇ ಬೇಡ, ಗಿಟಾರ್ ಹಾಗೆ ನೇರ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಆದರೆ ಇದನ್ನು ಓದುವ ಬೇರೆಯವರ ಹತ್ತಿರ ಸೂಟ್‌ಕೇಸ್ ಮಾಡೆಲ್ ಇರಬಹುದು, ಒಳಗೇ ಆಂಪ್ಲಿಫೈಯರ್ ಇರುವಂಥದ್ದು. ಅಮೆರಿಕದಿಂದ ಬಂದ ಪೀಸ್ ಆದರೆ ಅದು 120 ವೋಲ್ಟಿನದು. ನಮ್ಮ 230ಕ್ಕೆ ಸಿಕ್ಕಿಸಿದರೆ ಅಲ್ಲಿಗೇ ಮುಗಿಯಿತು. ಹಿಂದಿನ ಪ್ಲೇಟ್ ಓದದೆ ಪ್ಲಗ್ ಹಾಕಬೇಡಿ ಮಾರಾಯ್ರೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತದೆ, ಪುಣೆಯವರಿಗೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿ ಇದೆ.

ಮಡಗಾಂವ್ ಮಳೆ · ಭಾನುವಾರ ರಾತ್ರಿ 8:40

ನನ್ನ ಹತ್ತಿರ ವುರ್ಲಿಟ್ಜರ್ 200ಎ ಇದೆ, ಅದೂ ಎಲೆಕ್ಟ್ರಿಕ್ ಪಿಯಾನೋ, 64 ಕೀಲಿ. ನಾನು ಕಾರವಾರದವಳು, ಮದುವೆಯಾಗಿ ಮಡಗಾಂವ್‌ಗೆ ಬಂದೆ. ಮನೆಯಿಂದ ಸಮುದ್ರ ದೂರವಿಲ್ಲ. ಮಳೆಗಾಲ ಶುರುವಾದರೆ ಕೆಲವು ಸ್ವರ ಚಟಪಟ ಅನ್ನುತ್ತವೆ, ಕೀಲಿ ಒತ್ತಿದರೆ ಮೇಲೆ ಏಳುವುದೇ ಇಲ್ಲ. ಹೋದ ವರ್ಷ ಒಬ್ಬ ರಿಪೇರಿಯವರನ್ನು ಕರೆದೆ. ಅವರು ಒಳಗೆಲ್ಲ ಎಣ್ಣೆ ಸ್ಪ್ರೇ ಹೊಡೆದು ಹೋದರು. ಆಮೇಲೆ ಧೂಳೆಲ್ಲ ಅದಕ್ಕೇ ಅಂಟಿ ಇನ್ನೂ ಹಾಳಾಯಿತು. ಅವತ್ತು ನನಗೆ ಅಳುವೇ ಬಂತು. ಇದಕ್ಕೂ ಸ್ಪ್ರಿಂಗ್ ಇರುತ್ತದಾ? ನನಗೆ ಕಾಣಿಸಲಿಲ್ಲ. ಎರಡು ಸ್ವರದ ಶ್ರುತಿ ಇಳಿದಿದೆ.

ಲ್ಯಾಮಿಂಗ್ಟನ್ ಸಾಲ್ಡರ್ · ಭಾನುವಾರ ರಾತ್ರಿ 9:15

ಅಕ್ಕ, ಮೊದಲು ಪ್ಲಗ್ ತೆಗೆದಿಡಿ. ವುರ್ಲಿಟ್ಜರ್ ಪಿಕಪ್‌ನಲ್ಲಿ ಅಯಸ್ಕಾಂತ ಇಲ್ಲ. ಅದರಲ್ಲಿ ಚಪ್ಪಟೆ ಉಕ್ಕಿನ ರೀಡ್ ಒಂದು ಲೋಹದ ತಗಡಿನ ಸೀಳಿನ ನಡುವೆ ಅಲ್ಲಾಡುತ್ತದೆ. ಆ ತಗಡಿಗೆ ನೂರೈವತ್ತಕ್ಕೂ ಜಾಸ್ತಿ ವೋಲ್ಟ್ ಕೊಟ್ಟಿರುತ್ತಾರೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಚಟಪಟ ಸದ್ದಿಗೆ ಕಾರಣವೂ ಅದೇ. ರೀಡ್‌ಗೂ ತಗಡಿಗೂ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿ ಧೂಳೋ ಉಪ್ಪಿನ ತೇವವೋ ಕೂತರೆ ಸದ್ದು ಮಾಡುತ್ತದೆ. ಒಣ ಮೆತ್ತನೆಯ ಬ್ರಷ್, ಸ್ವಲ್ಪ ಒಣ ಗಾಳಿ, ಅಷ್ಟೇ ಸಾಕು. ಎಣ್ಣೆ ಯಾವತ್ತೂ ಬೇಡ.

ಪುಣೆ ಪೇಟಿ ಮಾಸ್ತರ · ಸೋಮವಾರ ಬೆಳಿಗ್ಗೆ 6:30

ತಂಗಿ, ನಿನ್ನದರಲ್ಲಿ ಸ್ಪ್ರಿಂಗ್ ಇಲ್ಲ. ಪ್ರತಿ ರೀಡ್ ತುದಿಯಲ್ಲಿ ಬೆಸುಗೆಯ ಒಂದು ಗುಡ್ಡೆ ಇರುತ್ತದೆ, ನೋಡು. ಅದೇ ಅದರ ಶ್ರುತಿ. ಗುಡ್ಡೆಯನ್ನು ಅರದಿಂದ ಉಜ್ಜಿ ತೂಕ ಕಡಿಮೆ ಮಾಡಿದರೆ ಸ್ವರ ಏರುತ್ತದೆ, ಬೆಸುಗೆ ಸೇರಿಸಿದರೆ ಇಳಿಯುತ್ತದೆ. ಪೇಟಿಯ ಹಿತ್ತಾಳೆ ರೀಡಿಗೂ ಇದೇ ಧರ್ಮ. ತುದಿ ಕೆರೆದರೆ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನಾನು ಪೇಟಿಯಿಂದ ಈ ವಾದ್ಯಗಳಿಗೆ ಬಂದದ್ದೇ ಈ ಹೋಲಿಕೆ ಹಿಡಿದುಕೊಂಡು.

ಆದರೆ ಅರ ಕೈಗೆತ್ತಿಕೊಳ್ಳುವ ಮುಂಚೆ ಆ ಎರಡು ರೀಡ್‌ಗಳ ಸ್ಕ್ರೂ ಬಿಗಿಯಾಗಿದೆಯಾ ನೋಡು. ಸ್ಕ್ರೂ ಸಡಿಲಾದರೂ ಸ್ವರ ಇಳಿಯುತ್ತದೆ. ಮೇಲಿನ ಎಣ್ಣೆ, ಜಿಡ್ಡು ಕೂಡ ತೂಕವೇ. ಶುಚಿ ಮಾಡಿ, ಸ್ಕ್ರೂ ಬಿಗಿ ಮಾಡಿ, ಆಮೇಲೆ ಅಳೆ. ಉಜ್ಜಲೇಬೇಕಾದರೆ ರೀಡ್ ಬಿಚ್ಚಿ ಹೊರಗೆ ತಂದು ಉಜ್ಜು, ಪುಡಿ ಒರೆಸಿ ಮತ್ತೆ ಹಾಕು. ಬೆಸುಗೆಯ ಪುಡಿ ತಗಡಿನ ಸೀಳಿಗೆ ಬಿದ್ದರೆ ಹೊಸ ಚಟಪಟ ಶುರು. ಆ ಪುಡಿಯಲ್ಲಿ ಸೀಸ ಇರುತ್ತದೆ, ಕೈ ತೊಳೆದುಕೋ, ಮಕ್ಕಳನ್ನು ದೂರ ಇಡು.

ಮಡಗಾಂವ್ ಮಳೆ · ಸೋಮವಾರ ಬೆಳಿಗ್ಗೆ 10:10

ಮಾಸ್ತರೇ, ತುಂಬಾ ಉಪಕಾರವಾಯಿತು. ಮಳೆಗಾಲದಲ್ಲಿ ಶ್ರುತಿಯೇ ಇಳಿಯುತ್ತದಾ? ಚರ್ಚಿನ ಮರದ ಪಿಯಾನೋ ಪ್ರತಿ ಮಳೆಗೂ ಶ್ರುತಿ ತಪ್ಪುತ್ತದೆ, ಅದಕ್ಕೇ ಕೇಳಿದೆ.

ಪುಣೆ ಪೇಟಿ ಮಾಸ್ತರ · ಸೋಮವಾರ ಬೆಳಿಗ್ಗೆ 10:40

ಮರದ ಪಿಯಾನೋದಲ್ಲಿ ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿಯ ಬಿಗಿ ಬದಲಾಗುತ್ತದೆ. ನಿಮ್ಮಿಬ್ಬರ ವಾದ್ಯದಲ್ಲೂ ಸ್ವರ ಕೊಡುವುದು ಉಕ್ಕು. ಅದಕ್ಕೆ ತೇವದಿಂದ ಶ್ರುತಿ ಬದಲಾಗುವುದಿಲ್ಲ. ಬಿಸಿಗೆ ಸ್ವಲ್ಪ ಇಳಿಯುತ್ತದೆ, 10 ಡಿಗ್ರಿ ಏರಿದರೆ ಸುಮಾರು 2 ಸೆಂಟ್ಸ್. ಎಲ್ಲ ಸ್ವರವೂ ಒಟ್ಟಿಗೆ ಇಳಿಯುವುದರಿಂದ ಕಿವಿಗೆ ಗೊತ್ತಾಗುವುದಿಲ್ಲ. ಮಳೆ ಕೆಡಿಸುವುದು ಮರದ ಕೀಲಿಯನ್ನು. ಅದು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುಕ್ಕು. ಕಡಲ ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ, ತುಕ್ಕು ತಿಂದ ಕಡೆ ಉಕ್ಕು ಮುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಡು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡು. ವಾರಕ್ಕೊಮ್ಮೆಯಾದರೂ ಪ್ರತಿ ಮನೆಯನ್ನೂ ನುಡಿಸು.

ಮುಲುಂಡ್ ಮಿಡಿ · ಸೋಮವಾರ ಸಂಜೆ 7:20

ಬೇಸರ ಮಾಡಿಕೊಳ್ಳಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ. ಈಗಿನ ಡಿಜಿಟಲ್ ಕೀಬೋರ್ಡ್‌ನಲ್ಲಿ ಇದೇ ದನಿ ಒಂದು ಬಟನ್ ಒತ್ತಿದರೆ ಬರುತ್ತದೆ. ಇಷ್ಟೊಂದು ಶ್ರಮ ಯಾಕೆ?

ಮಡಗಾಂವ್ ಮಳೆ · ಸೋಮವಾರ ರಾತ್ರಿ 8:05

ನನ್ನ ಹತ್ತಿರ ಡಿಜಿಟಲ್ ಕೂಡ ಇದೆ, ಪಾಠ ಹೇಳಲು ಅದನ್ನೇ ಬಳಸುತ್ತೇನೆ. ಆದರೆ ಅದರಲ್ಲಿ ನನ್ನ ಬೆರಳಿಗೂ ದನಿಗೂ ನಡುವೆ ಬೇರೆ ಯಾರೋ ಇದ್ದಾರೆ ಅನಿಸುತ್ತದೆ. ಇದರಲ್ಲಿ ಕೀಲಿಯನ್ನು ಎಷ್ಟು ನಿಧಾನವಾಗಿ ಬಿಟ್ಟೆ ಅನ್ನುವುದೂ ಕೇಳಿಸುತ್ತದೆ. ದನಿ ನಿಲ್ಲಿಸುವ ಫೆಲ್ಟ್ ಮೆತ್ತೆ ಬಂದು ರೀಡ್ ಮೇಲೆ ಕೂರುವಾಗ ಸಣ್ಣಗೆ ಒಂದು ಉಸಿರಿನ ಸದ್ದು ಬರುತ್ತದೆ. ಆ ಸದ್ದಿಗೋಸ್ಕರ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ಕೂರುತ್ತೇನೆ.

ಪುಣೆ ಪೇಟಿ ಮಾಸ್ತರ · ಮಂಗಳವಾರ ಬೆಳಿಗ್ಗೆ 6:20

ರೋಡ್ಸ್ ಪಿಯಾನೋ ಮಾಡಿದ ಹೆರಾಲ್ಡ್ ರೋಡ್ಸ್ ಒಬ್ಬ ಪಿಯಾನೋ ಮೇಷ್ಟ್ರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಸೇನೆಯ ಆಸ್ಪತ್ರೆಯಲ್ಲಿ ಮಲಗಿದ್ದ ಗಾಯಾಳುಗಳಿಗೆ ಪಾಠ ಹೇಳಬೇಕಿತ್ತು. ಅವರು ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಬಿ-17 ಬಾಂಬರ್ ವಿಮಾನದ ಅಲ್ಯೂಮಿನಿಯಂ ಕೊಳವೆ ತುಂಡುಗಳಿಂದ, ಮಡಿಲ ಮೇಲೆ ಇಟ್ಟುಕೊಳ್ಳುವಂಥ 29 ಸ್ವರದ ಪುಟ್ಟ ವಾದ್ಯ ಮಾಡಿಕೊಟ್ಟರು. ಮುಂದೆ ಫೆಂಡರ್ ಕಂಪನಿಯ ಜೊತೆ ಸೇರಿದರು. 73 ಸ್ವರದ ಪಿಯಾನೋ 1965ರಲ್ಲಿ ಬಂತು. ಕಾಲು ಹಚ್ಚಿ ನಿಲ್ಲಿಸುವ ಸ್ಟೇಜ್ ಮಾಡೆಲ್ 1970ರದು. ಮೇಷ್ಟ್ರ ಕೈಯಲ್ಲಿ ಹುಟ್ಟಿದ್ದರಿಂದಲೋ ಏನೋ, ಪ್ರತಿ ಸ್ವರವನ್ನೂ ಮನೆಯವರೇ ಬಿಚ್ಚಿ, ನೋಡಿ, ಸರಿಮಾಡುವ ಹಾಗಿದೆ. ನನಗೆ ಈ ವಾದ್ಯದ ಮೇಲೆ ಪ್ರೀತಿ ಅದಕ್ಕೇ.

ಡೊಂಬಿವಲಿ ಕೀಲಿಮಣೆ · ಗುರುವಾರ ರಾತ್ರಿ 11:30

ಮಾಸ್ತರೇ, ಆಯಿತು!

ಪಿಯಾನೋ ಹಿಂದೆ ಮಂಡಿಯೂರಿ ಕೂತು, ಟಾರ್ಚ್ ಹಿಡಿದು ನೋಡಿದೆ. ಎಫ್4 ಟೈನ್ ಸರಿಯಾಗಿ ಪಿಕಪ್ ನಡುವೆ ನಿಂತಿತ್ತು, ಜಿ4 ಒಂದು ಕೂದಲಷ್ಟು ಮೇಲೆ. ಸ್ಕ್ರೂ ಕಾಲು ಸುತ್ತು ತಿರುಗಿಸಿ ನುಡಿಸಿದೆ, ಏನೂ ಆಗಲಿಲ್ಲ. ಇನ್ನೊಂದು ಕಾಲು ಸುತ್ತು. ಆಗ ಆ್ಯಪ್‌ನಲ್ಲಿ ಅಂಕಿ 5ರಿಂದ 4ಕ್ಕೆ ಬಿತ್ತು. ಆ್ಯಪ್ ತೋರಿಸುವ ಮುಂಚೆಯೇ ನನಗೆ ಕೇಳಿಸಿತ್ತು. ದನಿ ಕೆಳಗೆ ಇಳಿದು ನೆಲಕ್ಕೆ ಕಾಲೂರಿದ ಹಾಗೆ. ಒಳಗಿದ್ದ ಅಮ್ಮ ಕೆಲಸ ಬಿಟ್ಟು ಹೊರಗೆ ಬಂದು "ಇದು ನಿನ್ನ ದೊಡ್ಡಪ್ಪ ನುಡಿಸಿದ ಹಾಗೇ ಇದೆ" ಅಂದರು. ಎ4 ಮತ್ತು ಉಳಿದ ಮೂರನ್ನೂ ಹಾಗೇ ಸರಿಮಾಡಿದೆ. ಆಮೇಲೆ ಕೇಬಲ್ ಹಾಕಿ ಶ್ರುತಿ ನೋಡಿದರೆ ಎಲ್ಲವೂ 2, 3 ಸೆಂಟ್ಸ್ ಒಳಗೇ ಇದ್ದವು.

ಒಂದು ಅನುಮಾನ ಮಾತ್ರ ಉಳಿದಿದೆ. ಡಿ ಶಾರ್ಪ್ 4 ನಿನ್ನೆ ಸರಿ ಇತ್ತು. ಇವತ್ತು 30 ಸೆಂಟ್ಸ್ ಇಳಿದಿದೆ, ದನಿ ಬೇಗ ಸಾಯುತ್ತದೆ. ಸ್ಪ್ರಿಂಗ್ ಬುಡದ ಕಡೆ ತಂದು ಏರಿಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಅದಕ್ಕೂ ಜಾಗದ ಸಮಸ್ಯೆಯಾ?

ಪುಣೆ ಪೇಟಿ ಮಾಸ್ತರ · ಶುಕ್ರವಾರ ಬೆಳಿಗ್ಗೆ 6:10

ಅಲ್ಲ. ಅದನ್ನು ಇನ್ನು ನುಡಿಸಬೇಡ. ರಾತ್ರೋರಾತ್ರಿ ಅಷ್ಟು ಇಳಿದು, ದನಿಯೂ ಕುಗ್ಗಿದರೆ ಟೈನ್ ಬುಡದಲ್ಲಿ ಬಿರುಕು ಬಿಟ್ಟಿದೆ ಅಂತಲೇ ಅನುಮಾನ.

ಡೊಂಬಿವಲಿ ಕೀಲಿಮಣೆ · ಶುಕ್ರವಾರ ರಾತ್ರಿ 9:45

ನಿಮ್ಮ ಮಾತು ಓದುವ ಮುಂಚೆಯೇ ಬೆಳಿಗ್ಗೆ ಒಂದು ಸಲ ಒತ್ತಿದೆ. ಟಣ್ ಅಂತ ಮುರಿದು ಒಳಗೆ ಬಿತ್ತು. ಹೊಸದನ್ನು ಹೊರದೇಶದಿಂದ ತರಿಸಬೇಕಂತೆ, ಸಮಯ ಹಿಡಿಯುತ್ತದೆ. ಮೇಲಿನ ತುದಿಯ ಸ್ವರ ನಾನು ನುಡಿಸುವುದೇ ಇಲ್ಲ. ಅಲ್ಲಿಂದ ಒಂದು ಟೈನ್ ತೆಗೆದು ಹಾಕಬಹುದಾ?

ಪುಣೆ ಪೇಟಿ ಮಾಸ್ತರ · ಶನಿವಾರ ಬೆಳಿಗ್ಗೆ 6:25

ಮೇಲಿನದು ಗಿಡ್ಡ, ಅದು ಇಲ್ಲಿಗೆ ಬರುವುದಿಲ್ಲ. ಉಕ್ಕನ್ನು ಕತ್ತರಿಸಬಹುದು, ಬೆಳೆಸಲು ಆಗುವುದಿಲ್ಲ. ಕೆಳಗಿನ ಉದ್ದ ಟೈನ್ ತೆಗೆದು ಕತ್ತರಿಸಿದರೆ ಹೊಂದುತ್ತದೆ. ಆದರೆ ದೊಡ್ಡಪ್ಪನ ವಾದ್ಯದ ಕೆಳಗಿನ ಸ್ವರವನ್ನು ಇದಕ್ಕಾಗಿ ಕಳೆಯಬೇಡ. ಹೊಸದನ್ನೇ ತರಿಸು. ಮುರಿದ ಎರಡು ತುಂಡನ್ನೂ ಬಿಸಾಡದೆ ಇಡು, ಜೋಡಿಸಿ ಅಳೆದರೆ ಹೊಸದನ್ನು ಎಲ್ಲಿಗೆ ಕತ್ತರಿಸಬೇಕು ಅಂತ ಗೊತ್ತಾಗುತ್ತದೆ. ಮೊದಲು ಅಳತೆಗಿಂತ ಉದ್ದವಾಗಿಯೇ ಬಿಡಬೇಕು, ಕೊನೆಯ ಚೂರನ್ನು ಅರದಿಂದ ತೆಗೆಯಬೇಕು.

ಪಾರ್ಸೆಲ್ ಬಂದ ದಿನ ಇಲ್ಲೇ ಬರೆ. ನಾನು ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದು ಬರುತ್ತೇನೆ, ಕಟರ್ ನನ್ನ ಹತ್ತಿರ ಇದೆ. ಅಲ್ಲಿಯ ತನಕ ಡಿ ಶಾರ್ಪ್ ಇಲ್ಲದ ರಾಗ ನುಡಿಸುತ್ತಿರು.

ಡೊಂಬಿವಲಿ ಕೀಲಿಮಣೆ · ಶನಿವಾರ ಬೆಳಿಗ್ಗೆ 8:00

ಖಂಡಿತ ಬನ್ನಿ ಮಾಸ್ತರೇ. ಎರಡೂ ತುಂಡು ಒಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ. ಊಟ ನಮ್ಮಲ್ಲೇ. ಅಮ್ಮ ಈಗಲೇ ಕೇಳುತ್ತಿದ್ದಾರೆ, ನಿಮಗೆ ಕುಚ್ಚಲಕ್ಕಿ ಅನ್ನ ಆಗುತ್ತದಾ, ಇಲ್ಲ ಜೋಳದ ರೊಟ್ಟಿ ಮಾಡಬೇಕಾ ಅಂತ.